‘ಇಲ್ಲಿ ನೋಡು ಪುಟ್ಟಿ’ ಅನ್ನೋದನ್ನು ಬಿಟ್ಟ ಮೇಲೆ

ಮಗಳಿಗೆ 6 ತುಂಬಿದಾಗ ಒಂದು ಆಲ್ಬಮ್ ಮಾಡಿಸಬೇಕು ಅಂತ ಆಸೆಯಿತ್ತು. ಕೈಯಲ್ಲಿ ಹಿಡಿದು ಪುಟ ತಿರುಗಿಸುವಂಥ, ಹಳೇ ಕಾಲದ ಆಲ್ಬಮ್. ಒಂದು ರಾತ್ರಿ ಅವಳು ಮಲಗಿದ ಮೇಲೆ ಕೂತೆ. ಹುಟ್ಟಿದಾಗಿನಿಂದ ತೆಗೆದ ಫೋಟೋ 4,000ಕ್ಕೂ ಜಾಸ್ತಿ ಇದ್ದವು. ಅದರಲ್ಲಿ 50 ಆರಿಸಬೇಕು, ಅಷ್ಟೆ. ಎರಡು ಗಂಟೆ ಕೂತರೂ 20 ದಾಟಲಿಲ್ಲ. ಮುಖ ಕಾಣುತ್ತಿತ್ತು, ಹೊಸ ಬಟ್ಟೆ ಕಾಣುತ್ತಿತ್ತು, ಹೋದ ಊರು ಕಾಣುತ್ತಿತ್ತು. ಅವಳೇ ಇರಲಿಲ್ಲ. ಅರ್ಧಕ್ಕರ್ಧ ಫೋಟೋದಲ್ಲಿ ಬಿಸಿಲಿಗೆ ಕಣ್ಣು ಕಿವುಚಿಕೊಂಡಿದ್ದಾಳೆ. ಮಿಕ್ಕಿದ್ದರಲ್ಲಿ ಹಲ್ಲು ಕಚ್ಚಿ ಹಿಡಿದ ಒಂದೇ ಥರದ ನಗು. ನಾನು ‘ಇಲ್ಲಿ ನೋಡು ಪುಟ್ಟಿ, ನಗು’ ಅಂದಾಗ ಬರುವ ನಗು ಅದು. ಮನೆಯಲ್ಲಿ ಅವಳು ನಗುವಾಗ ಮೂಗು ಸುಕ್ಕಾಗುತ್ತದೆ, ತಲೆ ಹಿಂದಕ್ಕೆ ಹೋಗುತ್ತದೆ. ಅದು ಒಂದರಲ್ಲೂ ಇಲ್ಲ.

ಮಾರನೇ ವಾರ ಊರಿಗೆ ಹೋದಾಗ ಅತ್ತೆಗೆ ತೋರಿಸಿದೆ. ನಮ್ಮದು ಮೂಡಿಗೆರೆ ಕಡೆ, ಹಾಸನದಲ್ಲಿ ಬಾಡಿಗೆ ಮನೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸರಿಸುತ್ತಾ ಹೋದರು. ಕೊನೆಗೆ ಫೋನ್ ವಾಪಸ್ ಕೊಟ್ಟು, ‘ಎಲ್ಲಾದ್ರಲ್ಲೂ ಫೋಟೋಗೆ ನಿಂತ್ಕಂಡಿದಾಳೆ ಅಷ್ಟೆ’ ಅಂದರು. ಬೇಜಾರಿನಿಂದ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದರು. ಆ ಮಾತು ತುಂಬ ದಿನ ನನ್ನನ್ನು ಬಿಡಲಿಲ್ಲ.

ಆಮೇಲೆ ಆ 20 ಫೋಟೋಗಳನ್ನು ಮಾತ್ರ ಸಾಲಾಗಿ ಇಟ್ಟು ನೋಡಿದೆ. ಇವು ಯಾಕೆ ಚೆನ್ನಾಗಿವೆ? ಒಂದೂ ನಡುಮಧ್ಯಾಹ್ನದ ಬಯಲು ಬಿಸಿಲಿನಲ್ಲಿ ತೆಗೆದದ್ದಲ್ಲ. ಒಂದರಲ್ಲೂ ನಾನು ಹೇಳಿದ್ದಕ್ಕೆ ಅವಳು ಕ್ಯಾಮೆರಾ ನೋಡಿಲ್ಲ. ಎಲ್ಲದರಲ್ಲೂ ಕೈಯಲ್ಲಿ ಏನೋ ಕೆಲಸ ಇದೆ. ಬೆಳಕು ಮತ್ತು ಕೆಲಸ. ಈ ಎರಡನ್ನೇ ಹಿಡಿದು ಅಲ್ಲಿಂದೀಚೆಗೆ ಮಕ್ಕಳ ಫೋಟೋ ತೆಗೆಯುತ್ತಿದ್ದೇನೆ. ಅದನ್ನೇ ಇಲ್ಲಿ ಬರೆಯಬೇಕು ಅನ್ನಿಸಿತು.

ಹಳೇಬೀಡಿನ ಮಧ್ಯಾಹ್ನ

ಆ 4,000ದಲ್ಲಿ ನನಗೆ ಜಾಸ್ತಿ ನೋವು ಕೊಟ್ಟದ್ದು ಹಳೇಬೀಡಿನ ಫೋಟೋಗಳು. ಏಪ್ರಿಲ್ ರಜೆ. ಅಣ್ಣನ ಮಕ್ಕಳೂ ಬಂದಿದ್ದರು. ತಿಂಡಿ ಮುಗಿಸಿ, ಎಲ್ಲರನ್ನೂ ಹೊರಡಿಸಿ, ಹಾಸನದಿಂದ ಅಲ್ಲಿಗೆ ಮುಟ್ಟುವಾಗ 12 ಗಂಟೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹಾಸುಗಲ್ಲು ಕಾದ ಹೆಂಚಿನ ಹಾಗಿತ್ತು. ಮಕ್ಕಳು ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದವು. ನಾನು ನಾಲ್ಕೂ ಮಕ್ಕಳನ್ನು ಹೊಯ್ಸಳೇಶ್ವರನ ಗುಡಿಯ ಗೋಡೆ ಮುಂದೆ ನಿಲ್ಲಿಸಿದೆ. ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು, ಎಲ್ಲ ಬರಬೇಕು ಅಂತ ಹಿಂದಕ್ಕೆ ಹಿಂದಕ್ಕೆ ಹೋದೆ. ‘ಕಣ್ಣು ಬಿಡಿ, ಕಣ್ಣು ಬಿಡಿ’ ಅಂತ ಕೂಗಿದೆ. ಪಾಪ, ಬಿಟ್ಟವು. ನೀರು ಬರುತ್ತಿತ್ತು.

ಆ ಫೋಟೋ ಈಗ ನೋಡಿದರೆ ಹಣೆ ಮತ್ತು ಮೂಗಿನ ತುದಿ ಬೆಳ್ಳಗೆ ಸುಟ್ಟ ಹಾಗಿದೆ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಮೂಗಿನ ನೆರಳು ಮೇಲ್ದುಟಿಯ ಮೇಲೆ ಮೀಸೆ ಹಾಗೆ ಬಿದ್ದಿದೆ. ಚೆಂದದ ನಾಲ್ಕು ಮಕ್ಕಳು ಜ್ವರ ಬಂದವರ ಹಾಗೆ ಕಾಣುತ್ತವೆ.

ಇದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಹಾಸನ ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಏಪ್ರಿಲ್ 24ರ ಆಸುಪಾಸು ಒಂದು ಸಲ, ಆಗಸ್ಟ್ 18ರ ಆಸುಪಾಸು ಇನ್ನೊಂದು ಸಲ. ಆಗಸ್ಟಿನಲ್ಲಿ ಸಾಮಾನ್ಯವಾಗಿ ಮೋಡ ಇರುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಅದೂ 12 ಗಂಟೆಗಲ್ಲ. ನಮ್ಮ ಗಡಿಯಾರದ ಹೊತ್ತು 82.5 ಡಿಗ್ರಿ ಪೂರ್ವ ರೇಖಾಂಶದ್ದು, ಹಾಸನ ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ನಿಜವಾದ ನಡುಹೊತ್ತು ಸುಮಾರು 12:25ಕ್ಕೆ. ಅಂದರೆ ವರ್ಷದಲ್ಲೇ ಸೂರ್ಯ ಅತಿ ನೆಟ್ಟಗಿರುವ ದಿನಗಳಲ್ಲಿ, ದಿನದಲ್ಲೇ ಅತಿ ನೆಟ್ಟಗಿರುವ ಹೊತ್ತಿನಲ್ಲಿ ಮಕ್ಕಳನ್ನು ನಿಲ್ಲಿಸಿದ್ದೆ. ಬೆಳಕು ಮೇಲಿಂದ ಮಾತ್ರ ಬಿದ್ದರೆ ಹುಬ್ಬಿನ ಮೂಳೆಯೇ ಕಣ್ಣಿಗೆ ಮಾಡಿನ ಹಾಗೆ ಅಡ್ಡ ಬರುತ್ತದೆ. ಬೇಸಿಗೆ ರಜೆಯಲ್ಲಿ ಊರೂರಲ್ಲಿ ತೆಗೆಯುವ ಮಕ್ಕಳ ಫೋಟೋಗಳೆಲ್ಲ ಹೀಗಾಗುವುದಕ್ಕೆ ಇದೇ ಮೂಲ ಅಲ್ವಾ?

ಅದೇ ದಿನ ಒಂದೇ ಒಂದು ಒಳ್ಳೆಯ ಫೋಟೋ ಸಿಕ್ಕಿತು. ನಾನು ಬಿಟ್ಟ ತಕ್ಷಣ ಅಣ್ಣನ ಮಗ ಓಡಿದ್ದು ನಂದಿ ಮಂಟಪಕ್ಕೆ. ಕಲ್ಲು ತಣ್ಣಗಿದೆ ಅಂತ. ಮಂಟಪದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಬಲಗಾಲನ್ನು ತೊಡೆ ಮೇಲೆ ಎತ್ತಿಟ್ಟುಕೊಂಡು, ಸುಟ್ಟ ಪಾದವನ್ನು ಬಾಯಿಂದ ಉಫ್ ಉಫ್ ಅಂತ ಊದಿಕೊಳ್ಳುತ್ತಿದ್ದ. ಫೋನ್ ಕೈಯಲ್ಲೇ ಇತ್ತು, ಯೋಚನೆ ಮಾಡದೆ ಒತ್ತಿದೆ. ಕೆನ್ನೆ ಉಬ್ಬಿದೆ, ಬೆವರಿಗೆ ಕೂದಲು ಹಣೆಗೆ ಅಂಟಿದೆ, ಎರಡೂ ಕಣ್ಣಿನೊಳಗೆ ಆಕಾಶದ ಚೂರು ಹೊಳೆಯುತ್ತಿದೆ. ಅದೇ ಮಧ್ಯಾಹ್ನ, ಅದೇ ಫೋನ್, ಹತ್ತು ಹೆಜ್ಜೆ ದೂರ. ಬದಲಾದದ್ದು ಇಷ್ಟೆ: ತಲೆ ಮೇಲೆ ಕಲ್ಲಿನ ಸೂರು ಬಂತು, ಬೆಳಕು ಮೇಲಿಂದ ಬೀಳುವುದು ನಿಂತಿತು, ಎದುರಿನ ಬಯಲಿನಿಂದ ಬರತೊಡಗಿತು. ಹೊರಗಿನ ಬಿಸಿಲು ಹಾಸುಗಲ್ಲಿಗೆ ಬಿದ್ದು ಅಲ್ಲಿಂದ ಎದ್ದು ಅವನ ಗಲ್ಲದ ಕೆಳಗೂ ತಲುಪಿತು.

ಬಿಸಿಲಿಗೆ ಬನ್ನಿ ಅಂದ ಅಪ್ಪ

ಮಕ್ಕಳನ್ನು ಬಿಸಿಲಿಗೆ ನಿಲ್ಲಿಸುವ ಅಭ್ಯಾಸ ನನಗೆ ಬಂದದ್ದು ಅಪ್ಪನಿಂದ. ಅವರ ಹತ್ತಿರ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇತ್ತು. ಒಂದು ರೋಲಿಗೆ 12 ಫೋಟೋ. ಒಂದು ರೋಲ್ ಮುಗಿಯುವುದಕ್ಕೆ ಯುಗಾದಿಯಿಂದ ದೀಪಾವಳಿ ಆಗುತ್ತಿತ್ತು. ಅದರಲ್ಲಿ ಹೊಂದಿಸುವುದು ಅಂತ ಜಾಸ್ತಿ ಏನೂ ಇರಲಿಲ್ಲ, ಬಿಸಿಲಿನ ಗುರುತು, ಮೋಡದ ಗುರುತು, ಅಷ್ಟೆ. ಆಗಿನ ಫಿಲ್ಮು ನಿಧಾನ, ಲೆನ್ಸಿನ ಕಿಂಡಿ ಸಣ್ಣದು. ಧಾರಾಳ ಬೆಳಕು ಇಲ್ಲದಿದ್ದರೆ ಕಪ್ಪು ಮಸಿಯೇ ಬರುತ್ತಿತ್ತು. ಹಾಗಾಗಿ ಅಪ್ಪ ‘ಬಿಸಿಲಿಗೆ ಬನ್ನಿ, ಸೂರ್ಯ ನನ್ನ ಬೆನ್ನಿಗಿರಬೇಕು’ ಅನ್ನುತ್ತಿದ್ದರು. ಅವರ ಕ್ಯಾಮೆರಾಕ್ಕೆ ಅದು ಸರಿಯಾದ ಮಾತು. ಆ 12ರಲ್ಲಿ ಒಂದನ್ನೂ ಹಾಳು ಮಾಡಬಾರದು ಅಂತ ಎಷ್ಟು ಜೋಪಾನ ಮಾಡುತ್ತಿದ್ದರು ಅಂತ ನೆನೆದರೆ ಈಗಲೂ ಗಂಟಲು ತುಂಬಿ ಬರುತ್ತದೆ.

ಈಗಿನ ಫೋನಿಗೂ ಕ್ಯಾಮೆರಾಕ್ಕೂ ಆ ಕಷ್ಟ ಇಲ್ಲ. ನೆರಳಿನಲ್ಲಿ ಬೇಕಾದಷ್ಟು ಬೆಳಕು ಅವಕ್ಕೆ ಸಿಗುತ್ತದೆ. ಕಾರಣ ಹೋಗಿದೆ, ‘ಬಿಸಿಲಿಗೆ ಬನ್ನಿ’ ಮಾತ್ರ ಉಳಿದಿದೆ. ಯುಗಾದಿಗೂ ನಾಮಕರಣಕ್ಕೂ ಇವತ್ತಿಗೂ ಯಾರಾದರೂ ಒಬ್ಬರು ಮಗುವನ್ನು ಜಗಲಿಯಿಂದ ಎಬ್ಬಿಸಿ ಅಂಗಳಕ್ಕೆ ಎಳೆದು ತರುತ್ತಾರೆ. ಒಳ್ಳೆಯ ಬೆಳಕಿನಿಂದ ಕೆಟ್ಟ ಬೆಳಕಿಗೆ.

ಜಗಲಿ

ಹಳೇಬೀಡಿನ ಮಂಟಪದ ಬೆಳಕು ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ ಯೋಚಿಸುತ್ತಿದ್ದೆ. ಊರಿಗೆ ಹೋದಾಗ ಹೊಳೆಯಿತು. ಅದು ನಮ್ಮ ಜಗಲಿಯ ಬೆಳಕು. ತಲೆ ಮೇಲೆ ಸೂರು, ಮೂರು ಕಡೆ ಗೋಡೆ, ಎದುರಿಗೆ ಇಡೀ ಅಂಗಳ ಮತ್ತು ಆಕಾಶ. ದೊಡ್ಡ ಕಿಟಕಿಯ ಎದುರು ಕೂತ ಹಾಗೆ. ಬೆಳಕು ಬರುವ ಬಾಗಿಲು ಎಷ್ಟು ದೊಡ್ಡದಾಗಿದ್ದರೆ ನೆರಳಿನ ಅಂಚು ಅಷ್ಟು ಮೆತ್ತಗಾಗುತ್ತದೆ. ಸೂರ್ಯ ನಮ್ಮ ಕಣ್ಣಿಗೆ ಒಂದು ಕಾಸಿನಷ್ಟು, ಅದಕ್ಕೇ ಅವನ ನೆರಳು ಕತ್ತಿಯಲ್ಲಿ ಕೊಯ್ದ ಹಾಗೆ. ಆಕಾಶ ಈ ಅಂಚಿನಿಂದ ಆ ಅಂಚಿನವರೆಗೆ.

ಆದರೆ ಜಗಲಿಯಲ್ಲಿ ಎಲ್ಲಿ ಬೇಕಾದರೂ ಕೂರಿಸಿದರೆ ಆಗುವುದಿಲ್ಲ. ಗೋಡೆಗೆ ಒರಗಿ ಕೂತರೆ ಮುಖ ಮಂಕು. ಮೆಟ್ಟಿಲಿಗೆ ಇಳಿದರೆ ಬಿಸಿಲು. ಬಿಸಿಲು ಮುಗಿದು ನೆರಳು ಶುರುವಾಗುವ ಗೆರೆ ಇರುತ್ತದಲ್ಲ, ಅಲ್ಲಿಂದ ಒಂದು ಮೊಳ ಒಳಗೆ ಜಾಗ. ಮಗುವಿನ ಮುಖ ಅಂಗಳದ ಕಡೆ ಇರಬೇಕು. ತೆಗೆಯುವವರು ಅಂಗಳದಲ್ಲಿ ಇರಬೇಕು, ಮಳೆಯಿದ್ದರೆ ಕೊಡೆ ಹಿಡಿದುಕೊಂಡಾದರೂ. ಒಳಗಿಂದ ಹೊರಗೆ ನೋಡಿಕೊಂಡು ತೆಗೆದರೆ ಹಿಂದಿನ ಅಂಗಳ ಬೆಳ್ಳಗಾಗಿ ಮಗು ಕಪ್ಪು ಆಕಾರ ಆಗುತ್ತದೆ. ಹೊರಗಿಂದ ತೆಗೆದರೆ ಹಿಂದೆ ಮನೆಯ ಒಳಗಿನ ಕತ್ತಲೆ, ಮುಂದೆ ಬೆಳಗಿದ ಮುಖ. ಮತ್ತೆ, ಕೂತು ತೆಗೆಯಬೇಕು. ಮಗುವಿನ ಕಣ್ಣಿನ ಎತ್ತರಕ್ಕೆ ನಮ್ಮ ಕಣ್ಣು ಬರಬೇಕು. ನಿಂತು ತೆಗೆದರೆ ನೆತ್ತಿ ದೊಡ್ಡದು, ಕಾಲು ಗಿಡ್ಡ.

ನಮ್ಮ ಜಗಲಿಗೆ ರೆಡ್ ಆಕ್ಸೈಡ್ ನೆಲ. ಅತ್ತೆ ಅದನ್ನು ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದಾರೆ. ಬಿಸಿಲಿನ ದಿನ ಆ ಕೆಂಪು ಎದ್ದು ಮಕ್ಕಳ ಗಲ್ಲಕ್ಕೆ, ಕತ್ತಿಗೆ ಹತ್ತುತ್ತದೆ. ನನಗೆ ಅದು ಇಷ್ಟ, ಹಾಗೇ ಬಿಡುತ್ತೇನೆ. ಇಷ್ಟ ಇಲ್ಲದವರು ನೆಲಕ್ಕೆ ಒಂದು ಬಿಳಿ ಪಂಚೆ ಹಾಸಿದರೆ ಸಾಕು. ಕೆಂಪು ಹೋಗುತ್ತದೆ, ಕಣ್ಣಿನ ಕೆಳಗಿನ ನೆರಳೂ ಕಮ್ಮಿಯಾಗುತ್ತದೆ. ತೋಟದೊಳಗೆ ಇದರ ಉಲ್ಟಾ ತೊಂದರೆ. ಕಾಫಿ ಗಿಡದ ನಡುವೆ ಸುತ್ತಲೂ ಹಸಿರು, ಆ ಹಸಿರು ಮುಖಕ್ಕೆ ಬಂದು ಮಗು ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ. ಅದರ ಮೇಲೆ ಸಿಲ್ವರ್ ಮರದ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲು. ಕೆನ್ನೆಗೊಂದು, ಹಣೆಗೊಂದು, ತೊನ್ನಿನ ಹಾಗೆ. ಆ ಚುಕ್ಕೆಗಳು ನೆಲದ ಮೇಲಿದ್ದರೆ ಎಷ್ಟು ಚೆಂದ! ಒಂದೊಂದು ದುಂಡು ಚುಕ್ಕೆಯೂ ಸೂರ್ಯನದೇ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ನಮ್ಮ ಹಲಸಿನ ಮರದ ಕೆಳಗೆ ಆ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಅದನ್ನು ನೋಡುತ್ತಾ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಖದ ಮೇಲೆ ಮಾತ್ರ ಬೇಡ. ತೋಟದಲ್ಲಿ ತೆಗೆಯಲೇಬೇಕು ಅಂದರೆ ದಾರಿ ಅಗಲವಾದ ಕಡೆ, ಮೇಲೆ ಸ್ವಲ್ಪ ಆಕಾಶ ಕಾಣುವ ಜಾಗಕ್ಕೆ ಹೋಗುತ್ತೇನೆ.

ಮಳೆಗಾಲದಲ್ಲಿ ಫೋಟೋ ಬರುವುದಿಲ್ಲ ಅಂತ ಎಲ್ಲರೂ ಅನ್ನುತ್ತಾರೆ. ನನ್ನ ಆ 20ರಲ್ಲಿ 8 ಫೋಟೋ ಜುಲೈ ತಿಂಗಳವು. ಪುನರ್ವಸು ಮಳೆ ಹಿಡಿದರೆ ಆಕಾಶ ಪೂರ್ತಿ ಒಂದು ಬಿಳಿ ಪರದೆ. ಬೆಳಗಿನಿಂದ ಸಂಜೆವರೆಗೆ ಯಾವ ಹೊತ್ತಿನಲ್ಲೂ ಮುಖಕ್ಕೆ ಗಟ್ಟಿ ನೆರಳು ಇಲ್ಲ. ಬೆಳಕು ಕಮ್ಮಿ, ಅದು ನಿಜ. ಅದಕ್ಕೆ ಜಗಲಿ ಅಂಚಿಗೇ ಬರಬೇಕು. ಕ್ಯಾಮೆರಾ ಇರುವವರು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಅದನ್ನು 800, 1600ಕ್ಕೆ ಏರಿಸಲು ಹೆದರಬೇಡಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ಅಲುಗಿದ ಫೋಟೋ ಮಾತ್ರ ಯಾವುದಕ್ಕೂ ಆಗುವುದಿಲ್ಲ. ಶಟರ್ ತೆರೆದಿರುವ ಹೊತ್ತು ಕೂತು ಆಡುವ ಮಗುವಿಗೆ ಸೆಕೆಂಡಿನ 250ರಲ್ಲಿ ಒಂದು ಭಾಗ ಸಾಕು, ಓಡುವ ಮಗುವಿಗೆ 500ರಲ್ಲಿ ಒಂದಾದರೂ ಬೇಕು. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಒಂಚೂರು ಕೆಳಗೆ ಎಳೆಯಿರಿ. ನಮ್ಮ ಮಕ್ಕಳ ಬಣ್ಣ ಉಳಿಯುತ್ತದೆ.

ಬಣ್ಣದ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಮುಖ ಬಿಳಿ ಮಾಡುವ ಫಿಲ್ಟರ್‌ಗಳನ್ನು ಮಕ್ಕಳ ಮೇಲೆ ದಯವಿಟ್ಟು ಹಾಕಬೇಡಿ. ನನ್ನ ಮಗಳದು ಅವಳಜ್ಜನ ಬಣ್ಣ, ಹುರಿದ ಕಾಫಿ ಬೀಜದ್ದು. ಒಂದು ಮದುವೆಯಲ್ಲಿ ಯಾರೋ ತೆಗೆದ ಫೋಟೋದಲ್ಲಿ ಅವಳನ್ನು ಸುಣ್ಣ ಬಳಿದ ಹಾಗೆ ಮಾಡಿದ್ದರು. ಅದನ್ನು ನೋಡಿ ಅವಳು ‘ಅಮ್ಮ, ಇದು ಚೆನ್ನಾಗಿದೆ, ನಾನು ಹಿಂಗಿಲ್ಲ ಅಲ್ವಾ?’ ಅಂದಳು. 6 ವರ್ಷದ ಮಗು ಕೇಳುವ ಪ್ರಶ್ನೆ ಅದಲ್ಲ. ಜಗಲಿ ಬೆಳಕಿನಲ್ಲಿ ಕಂದು ಬಣ್ಣದ ಕೆನ್ನೆ ಹೇಗೆ ಹೊಳೆಯುತ್ತದೆ ಅಂತ ಅವತ್ತೇ ಅವಳಿಗೆ ತೆಗೆದು ತೋರಿಸಿದೆ. ತುಂಬ ಹೊತ್ತು ನೋಡಿದಳು.

ಕಣ

ಬೆಳಕು ಸಿಕ್ಕಿತು. ಆದರೆ ಅಲ್ಲಿ ಮಗುವನ್ನು ಕೂರಿಸಿ ‘ಇಲ್ಲಿ ನೋಡು’ ಅಂದರೆ ಮತ್ತೆ ಅದೇ ಕಚ್ಚಿದ ಹಲ್ಲು. ಕೆಲಸದ ವಿಷಯ ನನಗೆ ಅರ್ಥವಾದದ್ದು ಹೋದ ವರ್ಷ ಜನವರಿಯಲ್ಲಿ, ನಮ್ಮ ಮನೆ ಮುಂದಿನ ಕಣದಲ್ಲಿ.

ಅರೇಬಿಕಾ ಕಾಫಿ ಕುಯ್ಲು ಮುಗಿಯುತ್ತಾ ಬಂದಿತ್ತು. ಪಲ್ಪರ್‌ಗೆ ಹಾಕಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದ ಪಾರ್ಚ್‌ಮೆಂಟ್, ಅಂದರೆ ಒಳಪೊರೆ ಇರುವ ಬೀಜ, ಕಣದ ತುಂಬ ಹರಡಿತ್ತು. ಮಾವ ಉದ್ದ ಕೋಲಿಗೆ ಹಲಗೆ ಹೊಡೆದುಕೊಂಡಿದ್ದಾರೆ, ಅದರಲ್ಲಿ ಗಂಟೆಗೊಂದು ಸಲ ಎಳೆದು ಮಗುಚುತ್ತಾರೆ. ಸಂಜೆ ನಾಲ್ಕೂವರೆ ಇರಬೇಕು. ಮಗಳು ಅಜ್ಜನ ಹಿಂದೆ ಹೋಗಿ ಕಣದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ‘ಪುಟ್ಟಿ, ಕರಿ ಬೀಜ ಇದ್ರೆ ಆರ್ಸು, ಸಿಪ್ಪೆ ಇದ್ರೆ ಆರ್ಸು’ ಅಂದರು ಮಾವ. ಮುಂದೆ ಒಂದು ಸಣ್ಣ ಸ್ಟೀಲ್ ಬಟ್ಟಲು ಇಟ್ಟರು. ಅವರಿಗೆ ಬೇಕಾದದ್ದು ಅವಳು ಕಾಲಿಗೆ ಅಡ್ಡ ಸಿಗದೆ ಒಂದು ಕಡೆ ಇರುವುದು. ಅವಳು ಮಾತ್ರ ಅದನ್ನು ದೊಡ್ಡ ಜವಾಬ್ದಾರಿ ಅಂತ ತಗೊಂಡಳು.

ನಾನು ಹಳೇ ಕ್ಯಾಮೆರಾ ತಂದೆ, 50 ಎಂಎಂ ಲೆನ್ಸಿನದು. ಅವಳ ಎದುರಿಗೆ, ಆಚೆ ಅಂಚಿನಲ್ಲಿ ಕೂತೆ. ಸೂರ್ಯ ಅವಳ ಬೆನ್ನಿಗಿದ್ದ. ಅಪ್ಪನ ಲೆಕ್ಕದಲ್ಲಿ ಪೂರ್ತಿ ತಪ್ಪು. ಆದರೆ ಲೆನ್ಸಿನಲ್ಲಿ ನೋಡಿದಾಗ ಮೈ ಜುಂ ಅಂದಿತು. ಕೂದಲಿನ ಸುತ್ತ ಚಿನ್ನದ ದಾರ ಸುತ್ತಿದ ಹಾಗೆ ಹೊಂಬಿಸಿಲು. ಮುಖ ಕಪ್ಪಾಗಬೇಕಿತ್ತು, ಆಗಿರಲಿಲ್ಲ. ಕೆಳಗಿನಿಂದ ಬೆಳಕು ಬರುತ್ತಿತ್ತು. ಪಾರ್ಚ್‌ಮೆಂಟಿಗೆ ತಿಳಿ ಹಾಲುಗೆನೆಯ ಬಣ್ಣ. ಇಡೀ ಕಣ ಒಂದು ದೊಡ್ಡ ಬಿಳಿ ಹಾಳೆಯ ಹಾಗೆ ಇಳಿಬಿಸಿಲನ್ನು ಹಿಡಿದು ಅವಳ ಮುಖಕ್ಕೆ ಎತ್ತಿ ಕೊಡುತ್ತಿತ್ತು. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಎಲ್ಲೂ ಗಟ್ಟಿ ನೆರಳಿಲ್ಲ. ಸ್ಟುಡಿಯೋದವರು ಥರ್ಮಾಕೋಲ್ ಹಲಗೆ ಹಿಡಿದು ಮಾಡುವ ಕೆಲಸವನ್ನು ನಮ್ಮ ಕಾಫಿ ಮಾಡುತ್ತಿತ್ತು. ಪಕ್ಕದಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣು, ಹರಡಿದ್ದ ಕಡೆ ನೋಡಿದೆ, ಅಲ್ಲಿ ಈ ಬೆಳಕು ಇರಲಿಲ್ಲ. ಒಣಗಿದ ಚೆರ್ರಿ ಕಪ್ಪು, ಬಿಸಿಲನ್ನು ನುಂಗಿಬಿಡುತ್ತದೆ.

ನಾನು ಏನೂ ಮಾತಾಡಲಿಲ್ಲ. ಅವಳನ್ನು ಕರೆಯಲಿಲ್ಲ. ಅದು ಎಷ್ಟು ಕಷ್ಟ ಅಂತ ತಾಯಂದಿರಿಗೆ ಗೊತ್ತು. ಲೆನ್ಸಿಗೆ ಬಿಸಿಲು ಬೀಳದ ಹಾಗೆ ಎಡಗೈ ಅಡ್ಡ ಹಿಡಿದು, ಸುಮ್ನೆ ಕೂತೆ. ಅವಳು ಎರಡು ಬೆರಳಲ್ಲಿ ಒಂದು ಬೀಜ ಎತ್ತುತ್ತಾಳೆ. ಕಣ್ಣಿನ ಹತ್ತಿರ ತರುತ್ತಾಳೆ. ತಿರುಗಿಸುತ್ತಾಳೆ. ಕರಿದಾ ಅಲ್ವಾ ಅಂತ ಯೋಚನೆ ಮಾಡುತ್ತಾಳೆ, ಆಗ ನಾಲಿಗೆ ತುದಿ ತುಟಿಯ ಎಡ ಮೂಲೆಗೆ ಬರುತ್ತದೆ. ತೀರ್ಮಾನ ಆದ ಮೇಲೆ ಟಣ್ ಅಂತ ಬಟ್ಟಲಿಗೆ ಹಾಕುತ್ತಾಳೆ, ಇಲ್ಲಾ ವಾಪಸ್ ಅದರ ಜಾಗಕ್ಕೇ ಇಡುತ್ತಾಳೆ, ಎಸೆಯುವುದಿಲ್ಲ. ನಾಲಿಗೆ ಹಾಗೆ ಬರುತ್ತದೆ ಅಂತ ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. 6 ವರ್ಷ ಜೊತೆಯಲ್ಲೇ ಇದ್ದೇನೆ. ಒಂದು ಸಲ ತಲೆ ಮೇಲೆ ಗಿಳಿ ಹಿಂಡು ಕಿರುಚಿಕೊಂಡು ಹೋಯಿತು. ತಲೆ ಎತ್ತಿದಳು. ಬಾಯಿ ಅರ್ಧ ತೆರೆದಿತ್ತು, ಬೀಜ ಇನ್ನೂ ಬೆರಳಲ್ಲೇ ಇತ್ತು. ಆಗ ಒತ್ತಿದೆ.

ಐದು ಗಂಟೆ ದಾಟಿತು. ಮಾವ ಆ ಕಡೆಯಿಂದ ಕಾಫಿ ಎಳೆದು ಗುಡ್ಡೆ ಮಾಡುತ್ತಾ ಬಂದರು. ರಾತ್ರಿ ಇಬ್ಬನಿ ಬಿದ್ದರೆ ಮತ್ತೆ ತೇವ ಕುಡಿಯುತ್ತದೆ, ಹಾಗಾಗಿ ಸಂಜೆಯೇ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಲೇಬೇಕು. ಒಂದೊಂದು ಸಾಲು ಎಳೆದ ಹಾಗೂ ಕೆಳಗಿನ ಸಿಮೆಂಟು ಕಾಣುತ್ತಾ ಬಂತು. ಲೆನ್ಸಿನಲ್ಲಿ ಮಗಳ ಮುಖ ಒಂದೊಂದೇ ಪಟ್ಟು ಕತ್ತಲಾಗುತ್ತಾ ಹೋಯಿತು. ಬಿಸಿಲು ಇನ್ನೂ ಇತ್ತು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂ ಕಾಲಿನ ಮೇಲೆ. ಆದರೆ ಮುಖಕ್ಕೆ ಬೆಳಕು ಕೊಡುತ್ತಿದ್ದ ಕಾಫಿ ಹೋಗಿತ್ತು. ಕೊನೆಯ ಸಾಲು ಅವಳ ಕಾಲ ಬುಡಕ್ಕೆ ಬಂದಾಗ ಅವಳು ಬಟ್ಟಲು ಎತ್ತಿಕೊಂಡು ‘ಅಜ್ಜ, 31!’ ಅಂತ ಕೂಗಿ ಓಡಿದಳು.

ಅತ್ತೆಗೆ ಆ ಗಿಳಿಯ ಫೋಟೋ ದೊಡ್ಡದು ಮಾಡಿಸಿ ಕೊಟ್ಟೆ. ಏನೂ ಹೇಳಲಿಲ್ಲ. ದೇವರ ಮನೆ ಪಕ್ಕದ ಗೋಡೆಗೆ ಮೊಳೆ ಹೊಡೆಸಿದರು. ಆಲ್ಬಮ್ ಇನ್ನೂ ಆಗಿಲ್ಲ. 34 ಫೋಟೋ ಆಗಿವೆ. ಮಗಳಿಗೆ ಈಗ 7 ಆಯಿತು. ಯಾವುದನ್ನು ಬೇರೆಯವರಿಗೆ ಕಳಿಸಬಹುದು, ಯಾವುದು ಬೇಡ ಅಂತ ಅವಳನ್ನೇ ಕೇಳುತ್ತೇನೆ. ಕೆಲವಕ್ಕೆ ಬೇಡ ಅನ್ನುತ್ತಾಳೆ, ಕಳಿಸುವುದಿಲ್ಲ. ಮೇಲೆ ಬರೆದ ಫೋಟೋವನ್ನು ಇಲ್ಲಿ ಹಾಕದೆ ಇರುವುದಕ್ಕೂ ಅದೇ ಕಾರಣ.

ಈ ವರ್ಷದ ಕುಯ್ಲು ಶುರುವಾಗಿದೆ. ಮೊನ್ನೆ ಫೋನಿನಲ್ಲಿ ಮಾವನಿಗೆ ಸುಮ್ನೆ ವಿಷಯ ಹೇಳಿದೆ. ಕಣದಲ್ಲಿ ಪಾರ್ಚ್‌ಮೆಂಟ್ ಇರುವವರೆಗೆ ಮಾತ್ರ ಮುಖಕ್ಕೆ ಬೆಳಕು ಸಿಗುತ್ತದೆ, ಗುಡ್ಡೆ ಮಾಡಿದ ಮೇಲೆ ಹೋಗುತ್ತದೆ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಂಗಾರೆ ಪುಟ್ಟಿ ಕೂತ್ಕಳ ಮೂಲೇದು ಎರಡು ಸಾಲು ಕಡೇಗೆ ಎಳಿತೀನಿ ಬಿಡಮ್ಮ. ಆರು ಗಂಟೆ ತಂಕ ಏನೂ ಆಗಲ್ಲ’ ಅಂದರು.